ಇಂಗ್ಲಿಷ್ ಕಲಿಯೋಣ: ಕರೇಜ್ ಅಂದರೆ ಎದೆಗಾರಿಕೆ



ಇಂಗ್ಲಿಷ್ ಕಲೀಬೇಕು ಅನ್ನೋ ಆಸೆ ನಮ್ಮಲ್ಲಿ ಅನೇಕರಿಗಿದೆ. ಮಕ್ಕಳ ಶಾಲೆಯ ಡೈರಿ, ಬ್ಯಾಂಕಿನಿಂದ ಮೊಬೈಲಿಗೆ ಬರುವ ಮೆಸೇಜು, ಔಷಧಿ ಚೀಟಿ ಎಲ್ಲದರಲ್ಲೂ ಇಂಗ್ಲಿಷ್ ಇರುತ್ತದೆ. ಆದರೆ ಬಾಯಿ ತೆರೆಯಲು ನಾಚಿಕೆ. ತಪ್ಪಾದರೆ ನಗ್ತಾರೆ ಅನ್ನೋ ಭಯ. ಅದಕ್ಕೇ ಈ ಸಲದ ಪಾಠಕ್ಕೆ ಇದೇ ನಾಚಿಕೆ, ಭಯಗಳ ಬಗ್ಗೆ ಮಾಡಿದ ಒಂದು ಇಂಗ್ಲಿಷ್ ಭಾಷಣವನ್ನು ಆರಿಸಿಕೊಂಡಿದ್ದೇವೆ.

ಮಾತಾಡಿದವರು ಅಮೆರಿಕದ ಬ್ರೆನೆ ಬ್ರೌನ್. ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ವಿಷಯದ ಸಂಶೋಧಕಿ. 2010ರಲ್ಲಿ ಅದೇ ಊರಿನ ಟೆಡೆಕ್ಸ್ ವೇದಿಕೆಯಲ್ಲಿ ಸುಮಾರು 20 ನಿಮಿಷ ಮಾತಾಡಿದರು. ಜಗತ್ತಿನಾದ್ಯಂತ ಅದನ್ನು ಕೋಟಿಗಟ್ಟಲೆ ಸಲ ನೋಡಿದ್ದಾರೆ. ಹೆಸರು 'ದ ಪವರ್ ಆಫ್ ವಲ್ನರಬಿಲಿಟಿ'. ಹೆಸರು ನೋಡಿ ಹೆದರಬೇಡಿ, ಆ ದೊಡ್ಡ ಪದಕ್ಕೆ ಆಮೇಲೆ ಬರೋಣ.

ಮೊದಲ ಪದ ಕರೇಜ್. ಅಂದರೆ ಧೈರ್ಯ. ಇದು ಲ್ಯಾಟಿನ್ ಭಾಷೆಯ 'ಕೋರ್', ಅಂದರೆ ಹೃದಯ ಅನ್ನೋ ಪದದಿಂದ ಬಂದದ್ದು ಎಂದು ಆಕೆ ವಿವರಿಸುತ್ತಾರೆ. ತಾನು ಯಾರು ಅನ್ನೋದನ್ನು ಮನಸ್ಸು ಬಿಚ್ಚಿ ಹೇಳುವುದೇ ಅದರ ಮೊದಲಿನ ಅರ್ಥವಂತೆ. ನಮಗೆ ಇದು ಹೊಸದೇನಲ್ಲ ನೋಡಿ! ಕನ್ನಡದಲ್ಲೂ ಧೈರ್ಯಕ್ಕೆ ಎದೆಗಾರಿಕೆ ಅಂತೀವಿ. ಅಲ್ಲಿ ಹೃದಯ, ಇಲ್ಲಿ ಎದೆ. ಹೀಗೆ ಜೋಡಿಸಿಕೊಂಡರೆ ಪದ ಮರೆಯುವುದೇ ಇಲ್ಲ. ಇದೇ ಪದದ ಮುಂದೆ 'ಎನ್' ಸೇರಿಸಿದರೆ ಎನ್‌ಕರೇಜ್, ಅಂದರೆ ಪ್ರೋತ್ಸಾಹ ಕೊಡುವುದು. 'ಡಿಸ್' ಸೇರಿಸಿದರೆ ಡಿಸ್‌ಕರೇಜ್, ಎದೆಗುಂದಿಸುವುದು. ಒಂದು ಪದ ಕಲಿತರೆ ಮೂರು ಸಿಕ್ಕಿತು.

ಎರಡನೆಯದು ಓಪನ್. ಇದನ್ನು ಗೊತ್ತಿಲ್ಲ ಅನ್ನೋರು ಯಾರು? ಅಂಗಡಿ ಓಪನ್, ಅಕೌಂಟ್ ಓಪನ್ ಅಂತ ದಿನಾ ಹೇಳ್ತೀವಿ. ಅದಕ್ಕೆ 'ನೆಸ್' ಬಾಲ ಸೇರಿದರೆ ಓಪನ್‌ನೆಸ್, ಮುಚ್ಚುಮರೆಯಿಲ್ಲದ ಗುಣ. ಡಾಕ್ಟರ ಹತ್ತಿರ ವೀಕ್‌ನೆಸ್ ಅಂತೀವಲ್ಲ, ಅದೇ ಬಾಲ.

ಈಗ ದೊಡ್ಡ ಪದ. ವಲ್ನರಬಲ್. ಲ್ಯಾಟಿನ್‌ನಲ್ಲಿ 'ವಲ್ನಸ್' ಅಂದರೆ ಗಾಯ. ಆದ್ದರಿಂದ ವಲ್ನರಬಲ್ ಅಂದರೆ ಪೆಟ್ಟು ಬೀಳಬಹುದಾದ ಸ್ಥಿತಿ. ಇದಕ್ಕೆ ಸರಿಯಾದ ಒಂದೇ ಕನ್ನಡ ಪದ ಹುಡುಕುವುದು ಕಷ್ಟ. 'ದುರ್ಬಲ' ಅಂದರೆ ಈ ಭಾಷಣದ ಮಟ್ಟಿಗೆ ತಪ್ಪಾಗುತ್ತದೆ. ಪೆಟ್ಟು ಬೀಳಬಹುದು ಅಂತ ಗೊತ್ತಿದ್ದೂ ಮುಂದೆ ಬರುವುದಕ್ಕೆ ಬಲ ಬೇಕು ಅನ್ನೋದೇ ಆಕೆಯ ಮಾತು. ಆಕೆಗೂ ಅದು ಸುಲಭವಾಗಿರಲಿಲ್ಲ. ಆ ಭಾಷಣ ಮಾಡಿದ ಮೇಲೆ 'ಅಯ್ಯೋ, ಇಷ್ಟೆಲ್ಲ ಹೇಳಿಬಿಟ್ಟೆನಲ್ಲ' ಅಂತ ಸುಮಾರು ಮೂರು ದಿನ ಮನೆಯಿಂದ ಹೊರಗೇ ಬರಲಿಲ್ಲವೆಂದು 2012ರ ಇನ್ನೊಂದು ಭಾಷಣದಲ್ಲಿ ಹೇಳಿಕೊಂಡಿದ್ದಾರೆ.

ಆ ಎರಡನೇ ಭಾಷಣದಲ್ಲಿ ಒಂದು ಜೋಡಿ ಪದ ಇದೆ, ಗಿಲ್ಟ್ ಮತ್ತು ಶೇಮ್. 'ನಾನು ತಪ್ಪು ಮಾಡಿದೆ' ಅನ್ನಿಸಿದರೆ ಗಿಲ್ಟ್. 'ನಾನೇ ಸರಿಯಿಲ್ಲ' ಅನ್ನಿಸಿದರೆ ಶೇಮ್. ವ್ಯತ್ಯಾಸ ಸಣ್ಣದಲ್ಲ. ಸಂಘದಲ್ಲಿ ಕಂತು ಕಟ್ಟಲಾಗದ ವಾರ ಏನಾಗುತ್ತದೆ ನೆನಪಿಸಿಕೊಳ್ಳಿ. ಆಕೆ ಸಭೆಗೇ ಬರುವುದಿಲ್ಲ. 'ಅಮ್ಮನಿಗೆ ತಲೆನೋವು' ಅಂತ ಮಗಳ ಕೈಲಿ ಹೇಳಿ ಕಳಿಸ್ತಾಳೆ. ಮುಂದಿನ ವಾರ ಎರಡು ಕಂತು, ಆಮೇಲೆ ಮೂರು. ಕೊನೆಗೆ ಮೀಟರ್ ಬಡ್ಡಿಯವನ ಮನೆ ಬಾಗಿಲು. ಮೊದಲ ವಾರವೇ 'ಅಕ್ಕಾ, ಈ ಸಲ ಆಗಲಿಲ್ಲ' ಅಂದಿದ್ದರೆ ಎಲ್ಲರೂ ಕೂತು ದಾರಿ ಹುಡುಕಬಹುದಿತ್ತು. ಹೇಳದಂತೆ ತಡೆದದ್ದು ಶೇಮ್. ತಡೆಯುವುದರಲ್ಲಿ ನಮ್ಮ ಪಾಲೂ ಇರುತ್ತದೆ. ಕಂತು ತಪ್ಪಿಸಿದವಳನ್ನು ನಾವು ನೋಡುವ ನೋಟ ಹೇಗಿರುತ್ತದೆ, ಹೇಳಿ?

ಹಾಗಂತ ಎಲ್ಲರ ಮುಂದೆ ಎಲ್ಲವನ್ನೂ ಹೇಳುವುದು ಓಪನ್‌ನೆಸ್ ಅಲ್ಲ. ನಂಬಿಕೆಗೆ ಯೋಗ್ಯರಾದವರ ಹತ್ತಿರ ಮಾತ್ರ ಅಂತ ಆಕೆಯೂ ಹೇಳುತ್ತಾರೆ. ಸಭೆಯಲ್ಲಿ ಕೇಳಿದ್ದನ್ನು ನಲ್ಲಿ ಹತ್ತಿರ ಹೇಳಿಕೊಂಡು ತಿರುಗಿದರೆ ಆ ಸಂಘದಲ್ಲಿ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ.

ಇನ್ನು ಅಭ್ಯಾಸ. ಯಾರಾದರೊಬ್ಬರ ಮೊಬೈಲಿನಲ್ಲಿ, ಮಗ ಅಥವಾ ಮಗಳ ಸಹಾಯದಿಂದ, ಭಾಷಣ ಹಾಕಿಸಿ. ವೇಗ ಕಡಿಮೆ ಮಾಡಬಹುದು, ಕೆಳಗೆ ಇಂಗ್ಲಿಷ್ ಅಕ್ಷರಗಳೂ ಬರುವಂತೆ ಮಾಡಬಹುದು. ಒಂದು ಸಭೆಗೆ ಮೂರು ನಿಮಿಷ ಸಾಕು. ಎಲ್ಲ ಅರ್ಥವಾಗಲಿ ಅಂತ ಕಾಯಬೇಡಿ. ಕರೇಜ್ ಅನ್ನೋ ಪದ ಕೇಳಿದಾಗ ಕೈ ಎತ್ತಿ. ಆಮೇಲೆ ಪ್ರತಿಯೊಬ್ಬರೂ ಈ ಮೂರು ವಾಕ್ಯಗಳನ್ನು ಜೋರಾಗಿ ಹೇಳಿ: 'ಐ ಡೋಂಟ್ ನೋ', ನನಗೆ ಗೊತ್ತಿಲ್ಲ. 'ಐ ನೀಡ್ ಹೆಲ್ಪ್', ನನಗೆ ಸಹಾಯ ಬೇಕು. 'ಪ್ಲೀಸ್ ಸ್ಪೀಕ್ ಸ್ಲೋಲಿ', ದಯವಿಟ್ಟು ನಿಧಾನವಾಗಿ ಮಾತಾಡಿ. ಯಾರಾದರೂ ತಪ್ಪಾಗಿ ಹೇಳಿದರೆ ನಗಬೇಡಿ, ಇನ್ನೊಮ್ಮೆ ಹೇಳಿಸಿ. ಮೂರನೇ ವಾಕ್ಯವನ್ನು ಈ ತಿಂಗಳೇ ಬ್ಯಾಂಕಿನಲ್ಲೋ ಮಗುವಿನ ಶಾಲೆಯಲ್ಲೋ ಹೇಳಿ ನೋಡಿ, ಏನಾಯಿತೆಂದು ಮುಂದಿನ ಸಭೆಯಲ್ಲಿ ತಿಳಿಸಿ.