ದೋಹಾದ ಅಂತಿಮ ಪಂದ್ಯ

ಕನ್ನಡನಾಡಿನ ಫುಟ್‌ಬಾಲ್ ಚರಿತ್ರೆಯಲ್ಲಿ 2016ನೆಯ ಇಸವಿ ಸ್ಮರಣೀಯವಾದುದು. ಕೇವಲ ಮೂರು ವರ್ಷಗಳ ಹಿಂದೆ, 2013ರಲ್ಲಿ, ಜನ್ಮತಾಳಿದ ಬೆಂಗಳೂರು ಫುಟ್‌ಬಾಲ್ ಕ್ಲಬ್ ಆ ವರ್ಷ ಏಷ್ಯಾ ಖಂಡದ ಕ್ಲಬ್ಬುಗಳು ಸೆಣಸುವ ಎ.ಎಫ್.ಸಿ. ಕಪ್ ಪಂದ್ಯಾವಳಿಯ ಅಂತಿಮ ಹಂತವನ್ನು ತಲುಪಿತು. ಅದುವರೆಗೆ ಭಾರತದ ಯಾವ ಕ್ಲಬ್ಬಿಗೂ ಈ ಗೌರವ ದೊರೆತಿರಲಿಲ್ಲ. ಉಪಾಂತ್ಯದಲ್ಲಿ ಅದು ಮಣಿಸಿದ್ದು ಹಿಂದಿನ ವರ್ಷದ ವಿಜೇತರಾದ ಮಲೇಷ್ಯಾದ ಜೊಹೊರ್ ತಂಡವನ್ನು.

ನವೆಂಬರ್ 5ರಂದು ಕತಾರ್ ದೇಶದ ದೋಹಾ ನಗರದಲ್ಲಿ ಅಂತಿಮ ಪಂದ್ಯ ನಡೆಯಿತು. ಎದುರಾಳಿ ಇರಾಕಿನ ವಾಯುಪಡೆಯ ತಂಡ. ಸುನಿಲ್ ಛೆಟ್ರಿಯವರ ನಾಯಕತ್ವದ ಬೆಂಗಳೂರು ತಂಡ ಎಪ್ಪತ್ತು ನಿಮಿಷಗಳವರೆಗೆ ಗೋಲು ಬಿಟ್ಟುಕೊಡದೆ ಕಾದಾಡಿತು. 71ನೆಯ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಗಳಿಸಿದ ಒಂದೇ ಗೋಲಿನಿಂದ ಇರಾಕಿನ ತಂಡ ಪ್ರಶಸ್ತಿಯನ್ನು ಗೆದ್ದುಕೊಂಡಿತು.

ಕಪ್ಪು ಕೈತಪ್ಪಿದರೂ ಆ ಸಾಹಸ ವ್ಯರ್ಥವಾಗಲಿಲ್ಲ. ಭಾರತದ ಕ್ಲಬ್ಬೊಂದು ಅಷ್ಟು ದೂರ ಸಾಗಬಲ್ಲುದೆಂಬುದು ಸಿದ್ಧವಾಯಿತು. ಕ್ಲಬ್ಬಿನ ಒಡೆತನ ಹೊಂದಿರುವ ಜೆ.ಎಸ್.ಡಬ್ಲ್ಯೂ ಸಂಸ್ಥೆ 2018ರಲ್ಲಿ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ, ತನ್ನ ಉಕ್ಕಿನ ಕಾರ್ಖಾನೆಯ ನೆರೆಯಲ್ಲಿಯೇ, ಕ್ರೀಡಾ ತರಬೇತಿ ಸಂಸ್ಥೆಯೊಂದನ್ನು ತೆರೆಯಿತು. ಕ್ಲಬ್ಬಿನ ಕಿರಿಯ ಆಟಗಾರರು ಈ ಬಿಸಿಲ ನಾಡಿನಲ್ಲಿ ಪಳಗತೊಡಗಿದರು. ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳ ಶಾಲಾ ಮೈದಾನಗಳಲ್ಲಿ ಚೆಂಡನ್ನೊದೆಯುವ ಎಳೆಯರಿಗೆ ದೋಹಾ ದೂರದ ಊರಾಗಿರಬಹುದು. ಆದರೆ ಅಲ್ಲಿಗೆ ಸಾಗುವ ದಾರಿಯ ಮೊದಲ ಮೆಟ್ಟಿಲು ಅವರ ಜಿಲ್ಲೆಯಲ್ಲಿಯೇ ಇದೆ. ಅದನ್ನೇರಲು ಬೇಕಾದುದು ಛಲ ಮತ್ತು ನಿರಂತರ ಅಭ್ಯಾಸ.