ಉರಿಯಿಲ್ಲದ ಒಲೆ

1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವವೇ ಇಂಡಕ್ಷನ್ ಒಲೆಗೆ ಆಧಾರ. ಗಾಜಿನ ಹಲಗೆಯ ಕೆಳಗಿರುವ ತಾಮ್ರದ ಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ 20,000ಕ್ಕೂ ಹೆಚ್ಚು ಬಾರಿ ದಿಕ್ಕು ಬದಲಿಸುತ್ತ ಪಾತ್ರೆಯ ತಳವನ್ನೇ ಕಾಯಿಸುತ್ತದೆ. ಆದುದರಿಂದ ಒಲೆ ಕೆಟ್ಟಿತೆಂದು ದೂರುವ ಮುನ್ನ ಪಾತ್ರೆಯನ್ನು ಪರೀಕ್ಷಿಸುವುದು ಲೇಸು. ತಳಕ್ಕೆ ಅಯಸ್ಕಾಂತ ಅಂಟದ ಅಲ್ಯೂಮಿನಿಯಂ ಬೋಗುಣಿಗೂ ಮಣ್ಣಿನ ಗಡಿಗೆಗೂ ಈ ಒಲೆ ಒಲಿಯದು.

ಅಡುಗೆಯ ನಡುವೆ ಒಲೆ ತಾನಾಗಿ ನಿಂತರೆ ಗಾಳಿಕಿಂಡಿಗಳನ್ನು ನೋಡಬೇಕು. ಕೆಳಗೆ ಹಾಸಿದ ಕಾಗದವೋ ಜಿಡ್ಡುಗಟ್ಟಿದ ಧೂಳೋ ಅವನ್ನು ಮುಚ್ಚಿದರೆ ಒಳಗಿನ ಬಿಸಿ ಹೊರಹೋಗದೆ ಯಂತ್ರವು ಆತ್ಮರಕ್ಷಣೆಗಾಗಿ ನಿಲ್ಲುತ್ತದೆ. ಜಿರಲೆಗಳಿಗಂತೂ ಆ ಬೆಚ್ಚನೆಯ ಗೂಡು ಅರಮನೆ! ಅಡುಗೆ ಮುಗಿದೊಡನೆ ಪ್ಲಗ್ಗನ್ನು ಕೀಳದೆ ಒಳಗಿನ ಫ್ಯಾನು ನಿಲ್ಲುವವರೆಗೂ ಕಾಯಬೇಕು. 2,000 ವಾಟ್‌ನ ಒಲೆ ಸುಮಾರು 9 ಆಂಪಿಯರ್ ವಿದ್ಯುತ್ತನ್ನು ಸೆಳೆಯುವುದರಿಂದ, ಭೂಸಂಪರ್ಕವುಳ್ಳ 16 ಆಂಪಿಯರ್ ಸಾಕೆಟ್ಟೇ ಅದಕ್ಕೆ ತಕ್ಕುದು.

ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಒಲೆಯನ್ನು ಮುಟ್ಟದೆ ಗೋಡೆಯ ಸ್ವಿಚ್ಚನ್ನು ಆರಿಸಬೇಕು. ಉಕ್ಕಿದ ಹಾಲು ಆ ಬಿರುಕಿನಿಂದ ಇಳಿದು ವಿದ್ಯುತ್ತಿರುವ ಭಾಗವನ್ನು ತಲುಪಿದರೆ ಮುಟ್ಟಿದವರಿಗೆ ಪ್ರಾಣಾಪಾಯವುಂಟು. ಅಂಟುಪಟ್ಟಿ ಹಚ್ಚಿ ನಾಲ್ಕು ದಿನ ತಳ್ಳುವುದು ಮಿತವ್ಯಯವಲ್ಲ. ಪ್ಲಗ್ಗು ಕಿತ್ತ ಬಳಿಕವೂ ಒಳಗಿನ ಕೆಪಾಸಿಟರ್ ಕೆಲಹೊತ್ತು ವಿದ್ಯುತ್ತನ್ನು ಹಿಡಿದಿಟ್ಟಿರಬಹುದು. ಆದಕಾರಣ ಮನೆಯವರು ಅದನ್ನು ಬಿಚ್ಚದೆ, ಬಲ್ಲ ಕುಶಲಕರ್ಮಿಗೆ ಒಪ್ಪಿಸತಕ್ಕದ್ದು.