ಒದೆಯುವ ಊರ ದನದ ಹಾಲು ಕರೆಯಲು ಹೊರಟ ಮಗಳಿಗೆ

ಮಗಳೇ, ಸಂಪಾಜೆಯಲ್ಲಿ ಹಳದಿ ಎಲೆ ರೋಗಕ್ಕೆ ಅಡಿಕೆ ತೋಟ ಸೊರಗಿದ ಮೇಲೆ ನೀನು ಹಟ್ಟಿ ಕಟ್ಟಿದ್ದು ನನಗೆ ಸಂತೋಷ. ತಂದದ್ದು ಮಲೆನಾಡು ಗಿಡ್ಡ, ನಮ್ಮ ಬಾಯಲ್ಲಿ ಊರ ದನ. 120 ಕಿಲೊ ಆಸುಪಾಸಿನ ಪುಟ್ಟ ಜೀವ, ಗುಡ್ಡೆ ಹತ್ತಿ ಇಳಿದು ಬೆಳೆದದ್ದು. ಯಾರೋ ಬಂದು ಕೂತ ಕೂಡಲೇ ಹಾಲು ಬಿಡುವ ಜಾತಿಯಲ್ಲ. ಹಠಮಾರಿ ಎಂದು ಮಾರಲು ಹೊರಡುವ ಮೊದಲು ಇಷ್ಟು ಮಾಡು.

• ಕಡಸು ಕರು ಹಾಕಿದ ಮೇಲೆ ಕಲಿಸಲು ಹೊರಟರೆ ತಡವಾಯಿತು. ಗಬ್ಬದ ಕೊನೆಯ ಎರಡು ತಿಂಗಳು ದಿನಾ ಮೈ ಉಜ್ಜು. ಮೊದಲು ಕೊರಳು, ಆಮೇಲೆ ಬೆನ್ನು, ಹೊಟ್ಟೆ, ಕೊನೆಗೆ ಕೆಚ್ಚಲು. ಮುಟ್ಟಿದರೆ ಸಾಕು, ಮೊಲೆ ಹಿಂಡಿ ನೋಡಬೇಡ.

• ನೇರ ಹಿಂದಿನಿಂದ ಹೋಗಬೇಡ, ಅಲ್ಲಿ ಅದಕ್ಕೆ ಕಣ್ಣು ಕಾಣುವುದಿಲ್ಲ. ಹೆಸರು ಹಿಡಿದು ಮಾತಾಡುತ್ತಾ ಬದಿಯಿಂದ ಹೋಗು.

• ಇದು ಎಲ್ಲಕ್ಕಿಂತ ಮುಖ್ಯ. ಕಾಲು ಎತ್ತಿದಾಗ ಬೆಚ್ಚಿ ಕೈ ತೆಗೆದರೆ, ಕಾಲು ಎತ್ತಿದರೆ ಈ ಕೈ ಹೋಗುತ್ತದೆ ಎಂದು ಅದು ಕಲಿಯುತ್ತದೆ. ಹೊಡೆದರೆ, ಕೈ ಬಂದರೆ ನೋವು ಎಂದು ಕಲಿಯುತ್ತದೆ. ಎರಡೂ ಬೇಡ. ಪಕ್ಕೆಗೆ ತಲೆ ಒತ್ತಿ ಕೂರು; ಒದೆಯುವ ಮೊದಲು ಅಲ್ಲಿ ಮೈ ಬಿಗಿಯಾಗುವುದು ನಿನಗೇ ಗೊತ್ತಾಗುತ್ತದೆ. ಆಗ ಹಿಂಡುವುದನ್ನು ನಿಲ್ಲಿಸು, ಕೈ ಮಾತ್ರ ಅಲ್ಲೇ ಇರಲಿ. ಕಾಲು ನೆಲಕ್ಕೆ ಊರಿ, ಉಸಿರು ಸಡಿಲವಾದ ಮೇಲೆ ನೀನಾಗಿ ಕೈ ತೆಗೆ. ಕುದುರೆ ಪಳಗಿಸುವವರೂ ಇದನ್ನೇ ಮಾಡುತ್ತಾರೆ: ಪ್ರಾಣಿ ಒಪ್ಪಿದ ಕ್ಷಣಕ್ಕೆ ಒತ್ತಡ ಬಿಡುತ್ತಾರೆ, ಪ್ರತಿಭಟಿಸಿದ ಕ್ಷಣಕ್ಕಲ್ಲ. ದೂರ ಕೂತರೆ ಪೆಟ್ಟು ಜೋರು; ಮೈಗೆ ಅಂಟಿ ಕೂತರೆ ಬರೀ ತಳ್ಳಿದಂತೆ.

• ತೀರಾ ಆಗದಿದ್ದರೆ ಇನ್ನೊಬ್ಬರು ಬಾಲವನ್ನು ಬುಡದಲ್ಲಿ ಹಿಡಿದು ನೇರ ಮೇಲೆತ್ತಲಿ, ಒದೆಯುವುದು ಕಷ್ಟವಾಗುತ್ತದೆ. ತಿರುಚಬಾರದು, ಮೂಳೆ ಮುರಿಯುತ್ತದೆ. ಹಿಂಗಾಲು ಕಟ್ಟುವುದನ್ನು ದಿನದ ಅಭ್ಯಾಸ ಮಾಡಬೇಡ.

• ಮೊದಲು ಕರುವನ್ನು ಬಿಡು. ಸೊರೆ ಬಿಟ್ಟ ಮೇಲೆ ತಾಯಿ ನೆಕ್ಕುವಷ್ಟು ಹತ್ತಿರ ಮುಂದೆ ಕಟ್ಟು. ಇಳಿದ ಹಾಲು ಐದಾರು ನಿಮಿಷವೇ ಸಿಗುವುದು, ಮಧ್ಯೆ ಫೋನ್ ಎತ್ತಬೇಡ. ಬೆದರಿದರೆ ಹಾಲು ಮೇಲೆ ಹಿಡಿದುಕೊಳ್ಳುತ್ತದೆ, ಅರ್ಧ ಗಂಟೆ ಬಿಟ್ಟು ಬಾ. ಸಿಗುವುದೇ ಒಂದೆರಡು ಲೀಟರ್. ಅದರಲ್ಲೂ ಒಂದು ಮೊಲೆ ಕರುವಿಗೆ ಬಿಡು.

• ಹಾಲು ಇಳಿಸುವ ಇಂಜೆಕ್ಷನ್ ಯಾರು ಹೇಳಿದರೂ ಬೇಡ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅದು ಅಪರಾಧ, ನನ್ನ ಲೆಕ್ಕದಲ್ಲಿ ಪಾಪವೂ ಹೌದು.

• ಮಳೆಗಾಲದಲ್ಲಿ ಅರ್ಧ ಒದೆತ ನೊಣ, ಉಣುಗಿನಿಂದ. ಕರೆಯುವ ಮೊದಲು ಹಟ್ಟಿಗೆ ಹೊಗೆ ಹಾಕು, ತೊಡೆಸಂದಿಯ ಉಣುಗು ಹೆಕ್ಕು. ನಿನ್ನ ಉಗುರು ಕತ್ತರಿಸಿರಲಿ, ಉಂಗುರ ತೆಗೆದಿಡು.

• ಸಾಧು ದನ ಇದ್ದಕ್ಕಿದ್ದಂತೆ ಒದೆದರೆ ಹಠ ಅಲ್ಲ. ಮೊಲೆ ಬಿರಿದಿದೆಯೇ, ಕೆಚ್ಚಲು ಬಿಸಿಯೇ, ಹಾಲಿನಲ್ಲಿ ಗಂಟಿದೆಯೇ ನೋಡು. ಇದ್ದರೆ ಅವತ್ತೇ ಪಶುವೈದ್ಯರಿಗೆ ತೋರಿಸು.

• ಅಕ್ಕಚ್ಚು, ಹಿಂಡಿ ಕರೆಯುವ ಹೊತ್ತಿಗೇ ಕೊಡು. ತಿಂದು ಮುಗಿಯುವುದರೊಳಗೆ ನಿನ್ನ ಕೆಲಸವೂ ಮುಗಿಯಲಿ.

• ಸಿಟ್ಟು ಬಂದ ದಿನ ಹಟ್ಟಿಗೆ ಬೇರೆಯವರನ್ನು ಕಳಿಸು. 2,300 ವರ್ಷಕ್ಕೂ ಹಿಂದೆ ಗ್ರೀಕರ ಕ್ಸೆನೊಫನ್ ಕುದುರೆ ಸವಾರಿಯ ಬಗ್ಗೆ ಪುಸ್ತಕ ಬರೆದಾಗಲೂ ಕೋಪದಲ್ಲಿ ಕುದುರೆಯ ಬಳಿ ಹೋಗಬೇಡಿ ಎಂದೇ ಹೇಳಿದ್ದ.

• ಗುಡ್ಡೆಗೆ ಬಿಟ್ಟದ್ದು ಸಂಜೆ ಮರಳದಿದ್ದರೆ ಹುಡುಕಿ ಹೊಡೆದು ತರಬೇಡ, ನಾಳೆ ನಿನ್ನನ್ನು ಕಂಡರೇ ಓಡುತ್ತದೆ. ದಿನಾ ಒಂದೇ ಹೊತ್ತಿಗೆ, ಒಂದೇ ಕೂಗಿನಲ್ಲಿ ಕರೆ. ಬಂದ ಕೂಡಲೇ ಒಂದು ಹಿಡಿ ಉಪ್ಪು ಕೊಡು. ಆನೆ ಓಡಾಡುವ ದಿನಗಳಲ್ಲಿ ಕತ್ತಲಾಗುವ ತನಕ ಕಾಯದೆ ಬೇಗ ಕರೆ.

• ನಿನ್ನ ಕೈಗೆ ಒಗ್ಗಿದ ಮೇಲೆ ಮನೆಯ ಇನ್ನೊಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕರೆ. ಇಲ್ಲದಿದ್ದರೆ ನೆಂಟರ ಮದುವೆಗೂ ಹೋಗುವ ಹಾಗಿಲ್ಲ. ಮೊದಲ ಕೆಲವು ದಿನ ಅವರು ನಿನ್ನ ಹಟ್ಟಿಯ ಸೀರೆಯನ್ನೇ ಸುತ್ತಿಕೊಳ್ಳಲಿ, ಒಗೆಯದ್ದನ್ನೇ ಕೊಡು.